ವೇಗಮಾಪಕದ ಮರುಹೊಂದಾಣಿಕೆ

ವಾಹನಕ್ಕೆ ಮೂಲ ಅಳತೆಗಿಂತ ದೊಡ್ಡ ಟೈರು ಹಾಕಿದಾಗ ವೇಗಮಾಪಕ, ದೂರಮಾಪಕಗಳನ್ನು ಹೊಸ ಸುತ್ತಳತೆಗೆ ಸರಿಹೊಂದಿಸುವ ಕೆಲಸ. ಇವು ಲೆಕ್ಕ ಹಿಡಿಯುವುದು ಚಕ್ರದ ಅಥವಾ ಗೇರ್‌ಬಾಕ್ಸಿನ ಸುತ್ತುಗಳನ್ನು. ದೊಡ್ಡ ಟೈರು ಪ್ರತಿ ಸುತ್ತಿಗೂ ಹೆಚ್ಚು ದೂರ ಸಾಗುವುದರಿಂದ ಮುಳ್ಳು ನಿಜವೇಗಕ್ಕಿಂತ ಕಡಿಮೆ ತೋರಿಸುತ್ತದೆ. 215/75 ಆರ್15 ಟೈರಿನ ವ್ಯಾಸ ಸುಮಾರು 704 ಮಿ.ಮೀ., 235/75 ಆರ್15ರದು 734 ಮಿ.ಮೀ.; ಮೊದಲನೆಯದಕ್ಕೆ ನಿಖರವಾಗಿ ಹೊಂದಿಸಿದ ಮಾಪಕ ಗಂಟೆಗೆ 100 ಕಿ.ಮೀ. ತೋರಿಸುವಾಗ ಎರಡನೆಯದರ ಮೇಲೆ ನಿಜವೇಗ ಗಂಟೆಗೆ ಸುಮಾರು 104 ಕಿ.ಮೀ. ಈ ಹೆಚ್ಚಳ ಚಾಲಕನ ಅರಿವಿಗೆ ಬಾರದಿರುವುದೇ ಮುಖ್ಯ ಅಪಾಯ. ಹಳೆಯ ಕೇಬಲ್ ಮಾದರಿಗಳಲ್ಲಿ ಹಲ್ಲುಚಕ್ರ ಬದಲಿಸುತ್ತಾರೆ. ಇಲೆಕ್ಟ್ರಾನಿಕ್ ಮಾದರಿಗಳಲ್ಲಿ ತಂತ್ರಾಂಶದಲ್ಲಿ ಟೈರಿನ ಅಳತೆ ತಿದ್ದುತ್ತಾರೆ. ಟೈರಿನ ಅಳತೆ ಬದಲಿಸುವಾಗ ಭಾರತದಲ್ಲಿ ಕಾನೂನನ್ನೂ ಗಮನಿಸಬೇಕು: ತಯಾರಕರ ಮೂಲ ವಿವರಗಳಿಗೆ ನೋಂದಣಿ ಪತ್ರ ತಾಳೆಯಾಗದಂಥ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನಿರ್ಬಂಧಿಸುತ್ತದೆ.