ರಸಮೇವಿನ ಮುಹೂರ್ತ

ಹಸಿಮೇವನ್ನು ಗಾಳಿಯಾಡದಂತೆ ಅದುಮಿಟ್ಟು ಹುಳಿಸಿ, ಮೇವಿಲ್ಲದ ತಿಂಗಳುಗಳಲ್ಲಿ ದನಗಳಿಗೆ ಉಣಿಸುವ ರಸಮೇವಿನ ವಿದ್ಯೆಯು ಪುರಾತನವಾದುದಾದರೂ, ಮುಸುಕಿನ ಜೋಳವನ್ನೇ ಅದಕ್ಕೆ ಪ್ರಧಾನ ದ್ರವ್ಯವನ್ನಾಗಿ ಮಾಡಿ ಲೋಕಕ್ಕೆ ತೋರಿಸಿದ ಕೀರ್ತಿಯು ಬಹುಮಟ್ಟಿಗೆ ಫ್ರಾನ್ಸಿನ ಸೊಲೋನ್ ಪ್ರಾಂತದ ಕೃಷಿಕ ಒಗುಸ್ತ್ ಗೊಫಾರನಿಗೆ ಸಲ್ಲತಕ್ಕದ್ದು. 1877ರಲ್ಲಿ ಪ್ರಕಟವಾದ ಆತನ ಗ್ರಂಥವು ಸಮುದ್ರವನ್ನು ದಾಟಿ ಅಮೆರಿಕೆಯ ಗೋಪಾಲಕರ ಕೈಸೇರಲು ಹೆಚ್ಚು ಕಾಲ ಹಿಡಿಯಲಿಲ್ಲ.

ಆ ಮೊದಲ ತಲೆಮಾರಿನವರ ಕಣ್ಣೆಲ್ಲ ಹಸಿರಿನ ರಾಶಿಯ ಮೇಲಿತ್ತು. ಆಳೆತ್ತರವನ್ನು ಮೀರಿ ಬೆಳೆದ ದಂಟನ್ನು, ಕಾಳು ಇನ್ನೂ ಎಳೆಯದಾಗಿರುವಾಗಲೇ ಕೊಯ್ದು ಗಾಡಿಗಳ ಭಾರವನ್ನು ಕಂಡು ಹಿಗ್ಗಿದವರಿಗೆ, ತಾವು ಹೊತ್ತು ತಂದುದರಲ್ಲಿ ಐದಕ್ಕೆ ನಾಲ್ಕು ಪಾಲು ನೀರೇ ಎಂಬುದು ತೋರಲಿಲ್ಲ. ಆ ನೀರು ಮೇವನ್ನು ಅದುಮಿಟ್ಟ ಕಣಜದ ತಳದಿಂದ ಸೋರಿಹೋಗುವಾಗ ಮೇವಿನ ಸಾರವನ್ನೂ ಒಯ್ದಿತು. ಉಳಿದದ್ದು ಕಟುವಾದ ಹುಳಿ. ಆ ನಾತವು ಹಾಲಿಗೂ ಹತ್ತೀತೆಂಬ ಭಯದಿಂದ ಹಾಲನ್ನು ಗಟ್ಟಿಮಾಡುವ ಕೆಲವು ಕಾರ್ಖಾನೆಗಳು ರಸಮೇವು ತಿಂದ ಹಸುಗಳ ಹಾಲನ್ನು ಕೊಳ್ಳಲೊಲ್ಲದೆ ಹೋದವು. ನಿಂದೆಯನ್ನು ವಿದ್ಯೆಯು ಹೊತ್ತಿತು, ದೋಷವು ಅವಸರದ್ದಾಗಿತ್ತು.

ಇದನ್ನು ಬಯಲಿಗೆ ತಂದುದು ತಕ್ಕಡಿ. ನ್ಯೂಯಾರ್ಕ್ ಸಂಸ್ಥಾನದ ಜಿನೀವಾ ಪ್ರಯೋಗಕೇಂದ್ರದಲ್ಲಿ ಆ ಶತಮಾನದ ಕೊನೆಗೆ ಒಂದೇ ಬೆಳೆಯನ್ನು ಹಂತಹಂತವಾಗಿ ಕೊಯ್ದು ಒಣಗಿಸಿ ತೂಗಿದಾಗ, ಕಾಳಿನಲ್ಲಿ ಹಾಲು ತುಂಬಿದ ಕಾಲದಿಂದ ಅದು ಮಿರುಗಿ ಗಟ್ಟಿಯಾಗತೊಡಗುವ ಕಾಲದವರೆಗೆ ಹಸಿತೂಕವು ಎಕರೆಗೆ 32,000 ಪೌಂಡಿನ ಆಸುಪಾಸಿನಲ್ಲಿಯೇ ನಿಂತಿರಲು, ಅದರೊಳಗಣ ಒಣ ಅಂಶವು ಮಾತ್ರ ಸುಮಾರು 4,600ರಿಂದ 7,200 ಪೌಂಡಿಗೆ ಏರಿದುದು ಕಂಡುಬಂದಿತು. ರಸಮೇವಿನ ಚರಿತ್ರೆಯಲ್ಲಿ ಯಾವ ಯಂತ್ರದ ನಿರ್ಮಾಣಕ್ಕಿಂತಲೂ ಈ ಎಣಿಕೆಯೇ ದೊಡ್ಡದೆಂದು ನನ್ನ ದೃಢವಾದ ಅಭಿಪ್ರಾಯ: ಹೊರಗೆ ಏನೂ ಬೆಳೆಯದಂತೆ ತೋರುವ ಆ ಎರಡು ಮೂರು ವಾರಗಳಲ್ಲಿಯೇ ಹಸುವಿನ ಹೊಟ್ಟೆ ತುಂಬುವ ಪಿಷ್ಟವು ತೆನೆಗೆ ಇಳಿಯುತ್ತದೆ.

ಹಾಗೆಂದು ಮಿತಿಮೀರಿ ಕಾಯತಕ್ಕದ್ದೂ ಅಲ್ಲ. ಒಣಗಿದ ದಂಟನ್ನು ಎಷ್ಟು ತುಳಿದರೂ ಅದರ ಸಂದುಗಳಲ್ಲಿ ಗಾಳಿಯುಳಿದು ಬೂಷ್ಟು ಹಿಡಿಯುವುದು; ಗಡುಸಾದ ಕಾಳು ಅರಗದೆ ಸಗಣಿಯಲ್ಲಿ ಬೀಳುವುದು.

ಆದುದರಿಂದ 1980ರ ದಶಕದಲ್ಲಿ ಅಮೆರಿಕೆಯ ರೈತರಿಗೆ ಒಂದು ಸುಲಭವಾದ ಗುರುತು ಬೋಧಿಸಲ್ಪಟ್ಟಿತು. ತೆನೆಯನ್ನು ನಡುವೆ ಮುರಿದು ತುದಿಯ ತುಂಡನ್ನು ನೋಡಿದರೆ, ಕಾಳಿನ ನೆತ್ತಿಯಿಂದ ಇಳಿಯುವ ಗಟ್ಟಿ ಹಳದಿಗೂ ಬುಡದಲ್ಲಿನ್ನೂ ಉಳಿದಿರುವ ಹಾಲಿಗೂ ನಡುವೆ ಒಂದು ಗೆರೆ ಕಾಣಿಸುವುದು. ಉಗುರೊತ್ತಿದರೆ ಗೆರೆಯ ಕೆಳಗೆ ಹಾಲು ಚಿಮ್ಮುವುದು. ಆ ಗೆರೆಯು ಕಾಳಿನ ಅರ್ಧಕ್ಕೆ ಇಳಿದಾಗ ಕುಡುಗೋಲು ಹಾಕಬಹುದೆಂಬುದೇ ಆ ಬೋಧೆ. ಆದರೆ ಕಾಳು ಮಾಗಿದರೂ ದಂಟು ಹಸಿರಾಗಿಯೇ ಉಳಿಯುವ ಹೊಸ ಸಂಕರ ತಳಿಗಳು ಬಂದಮೇಲೆ ಈ ಗುರುತೂ ಕೈಕೊಡತೊಡಗಿತು. ಈಗ ವಿವೇಕಿಗಳಾದ ರೈತರು ಗೆರೆಯನ್ನು ಕಂಡೊಡನೆ ಕೊಯ್ಯದೆ, ಕೆಲವು ಗಿಡಗಳನ್ನು ತೆನೆಸಹಿತ ಕೊಚ್ಚಿ ಒಣಗಿಸಿ ತೂಗಿ, ನೂರಕ್ಕೆ 30ರಿಂದ 35 ಪಾಲು ಒಣ ಅಂಶವು ದೊರೆತ ಬಳಿಕವೇ ಹೊಲಕ್ಕೆ ಯಂತ್ರವನ್ನು ಇಳಿಸುತ್ತಾರೆ.