ತಿಂಡಿ ಅಂಗಡಿಯ ಮಾಳಿಗೆಯಿಂದ ಬಲಿಪೀಠದವರೆಗೆ

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿರುವ ಆರೆಂಜ್ ಧರ್ಮಕ್ಷೇತ್ರದ ಪ್ರಧಾನಾಲಯಕ್ಕೆ ಕಲ್ಲಿನ ಗೋಡೆಯಿಲ್ಲ. ಹತ್ತು ಸಾವಿರಕ್ಕೂ ಹೆಚ್ಚು ಗಾಜಿನ ಫಲಕಗಳೇ ಅದರ ಗೋಡೆ, ಅವೇ ಅದರ ಸೂರು. ಈ ದೇವಾಲಯದ ಬೇರನ್ನು ಹುಡುಕುತ್ತಾ ಹೋದರೆ ನಾವು ತಲುಪುವುದು ಹಳೆಯ ಮಠಕ್ಕಲ್ಲ, ಮಿಷನರಿಗಳು ಕಟ್ಟಿದ ಗುಡಿಗೂ ಅಲ್ಲ. ಕಾರಿನಲ್ಲೇ ಕುಳಿತು ಸಿನಿಮಾ ನೋಡುವ ಒಂದು ಬಯಲಿಗೆ.

ಇಂಥ ಬಯಲು ಚಿತ್ರಮಂದಿರ, ಅಂದರೆ ಡ್ರೈವ್-ಇನ್, ಮೊದಲು ತೆರೆದದ್ದು 1933ರ ಜೂನ್ 6ರಂದು, ನ್ಯೂಜೆರ್ಸಿ ರಾಜ್ಯದ ಕ್ಯಾಮ್ಡೆನ್ ಪಟ್ಟಣದ ಬಳಿ. ಅದನ್ನು ಯೋಚಿಸಿದವರು ರಿಚರ್ಡ್ ಹಾಲಿಂಗ್ಸ್‌ಹೆಡ್. ಮನೆಯಂಗಳದ ಎರಡು ಮರಗಳ ನಡುವೆ ಬಿಳಿ ಬಟ್ಟೆ ಕಟ್ಟಿ, ಕಾರಿನ ಮೂತಿಯ ಮೇಲೆ ಪ್ರೊಜೆಕ್ಟರ್ ಇಟ್ಟು ಅವರು ಪ್ರಯೋಗ ನಡೆಸಿದರು. ಮಳೆ ಬಂದರೆ ಹೇಗೆ ಕಾಣುತ್ತದೆಂದು ತಿಳಿಯಲು ಹುಲ್ಲಿಗೆ ನೀರು ಚಿಮುಕಿಸುವ ಯಂತ್ರವನ್ನೇ ಕಾರಿನ ಮೇಲೆ ತಿರುಗಿಸಿದರಂತೆ! ಮುಂದಿನ ಕಾರು ಹಿಂದಿನವರಿಗೆ ಅಡ್ಡವಾಗದಂತೆ ಮುಂಗಾಲಿಗಳ ಕೆಳಗೆ ದಿಮ್ಮಿಗಳನ್ನಿಟ್ಟು ಇಳಿಜಾರಿನ ಲೆಕ್ಕ ಹಾಕಿದರು. ಆ ಇಳಿಜಾರು ಸಾಲುಗಳಿಗೇ ಅವರಿಗೆ ಪೇಟೆಂಟ್ ದೊರೆಯಿತು. ಕಾರಿಗೆ 25 ಸೆಂಟ್, ತಲೆಗೆ 25 ಸೆಂಟ್. ಆದರೆ ಕಾರಿನಲ್ಲಿ ಎಷ್ಟೇ ಜನರಿರಲಿ, ಒಂದು ಡಾಲರ್‌ಗಿಂತ ಹೆಚ್ಚು ಕೊಡಬೇಕಿರಲಿಲ್ಲ. ಆರ್ಥಿಕ ಕುಸಿತದ ಆ ದಿನಗಳಲ್ಲಿ ತುಂಬಿದ ಸಂಸಾರಕ್ಕೆ ಇದು ಸಣ್ಣ ಸಹಾಯವಲ್ಲ.

ಅದರ ಮರುವರ್ಷ, 1934ರಲ್ಲಿ, ಕ್ಯಾಮ್ಡೆನ್‌ನ ಎದುರು ದಡದಲ್ಲಿರುವ ಫಿಲಡೆಲ್ಫಿಯಾದ ಕಾರ್ಡಿನಲ್ ಡೊಹೆರ್ಟಿಯವರು ತಮ್ಮ ಮಹಾಧರ್ಮಕ್ಷೇತ್ರದ ಕಥೋಲಿಕರು ಯಾವ ಚಿತ್ರಮಂದಿರಕ್ಕೂ ಹೋಗಕೂಡದೆಂದು ಆಜ್ಞೆ ಹೊರಡಿಸಿದರು. ಅಂದಿನ ಚಿತ್ರಗಳ ನೀತಿಗೇಡಿತನದ ಬಗ್ಗೆ ಧರ್ಮಸಭೆಗೆ ಅಷ್ಟು ಆತಂಕವಿತ್ತು. ಆ ಆತಂಕ ಪೂರ್ತಿ ಸುಳ್ಳೂ ಅಲ್ಲ. ಆದರೆ ಬೆಳ್ಳಿತೆರೆಯ ಬಯಲೇ ಒಂದು ದಿನ ಬಲಿಪೂಜೆಯ ಸ್ಥಳದವರೆಗೆ ದಾರಿಯಾದೀತೆಂದು ಅಂದು ಯಾರು ತಾನೇ ಊಹಿಸಿದ್ದರು?

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಡ್ರೈವ್-ಇನ್‌ಗಳ ಸುಗ್ಗಿ. ಸೈನಿಕರು ಮನೆಗೆ ಮರಳಿದರು, ಮದುವೆಯಾದರು, ಮಕ್ಕಳಾದವು, ಕಾರು ಕೊಂಡರು. ಮಕ್ಕಳಿಗೆ ರಾತ್ರಿಯುಡುಪು ತೊಡಿಸಿಯೇ ಕರೆತರುತ್ತಿದ್ದರು. ತೆರೆಯ ಕೆಳಗೆ ಜಾರುಬಂಡೆ, ಉಯ್ಯಾಲೆ, ಬಯಲಿನ ನಡುವೆ ತಿಂಡಿ ಅಂಗಡಿ. ಮೊದಮೊದಲು ತೆರೆಯ ಬಳಿಯ ದೊಡ್ಡ ಧ್ವನಿವರ್ಧಕಗಳ ಸದ್ದು ನೆರೆಯವರ ನಿದ್ದೆ ಕೆಡಿಸುತ್ತಿತ್ತು. ಕಾರಿನ ಕಿಟಕಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಸ್ಪೀಕರ್‌ಗಳು ಬಂದು ಆ ತೊಂದರೆ ನೀಗಿತು. 1958ರ ಹೊತ್ತಿಗೆ ಆ ದೇಶದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಡ್ರೈವ್-ಇನ್‌ಗಳಿದ್ದವು. ಆಮೇಲೆ ಟೆಲಿವಿಷನ್‌ನ ಪೈಪೋಟಿ ಹೆಚ್ಚಿತು, ಜಮೀನಿನ ಬೆಲೆ ಏರಿತು; ಇಂದು ಉಳಿದಿರುವುದು ಸುಮಾರು ಮುನ್ನೂರು.

ಈ ಸುಗ್ಗಿಯ ಕಾಲದಲ್ಲೇ, 1955ರಲ್ಲಿ, ರಿಫಾರ್ಮ್ಡ್ ಸಭೆಯ ಯುವ ಬೋಧಕ ರಾಬರ್ಟ್ ಶುಲ್ಲರ್ ಕ್ಯಾಲಿಫೋರ್ನಿಯಕ್ಕೆ ಬಂದರು. ಕೈಯಲ್ಲಿ ಸಭೆ ಕೊಟ್ಟ 500 ಡಾಲರ್, ಬಾಡಿಗೆಗೆ ಒಂದು ಸಭಾಂಗಣವೂ ಸಿಗಲಿಲ್ಲ. ಕೊನೆಗೆ ದೊರೆತದ್ದು ಆರೆಂಜ್ ಡ್ರೈವ್-ಇನ್. ಶನಿವಾರ ರಾತ್ರಿ ಸಿನಿಮಾ, ಭಾನುವಾರ ಬೆಳಿಗ್ಗೆ ಆರಾಧನೆ. ಅವರು ತಿಂಡಿ ಅಂಗಡಿಯ ಮಾಳಿಗೆ ಹತ್ತಿ ಬೋಧಿಸುತ್ತಿದ್ದರು, ಪತ್ನಿ ಅರ್ವೆಲಾ ಆರ್ಗನ್ ನುಡಿಸುತ್ತಿದ್ದರು; ಜನರು ಅದೇ ಸಿನಿಮಾ ಸ್ಪೀಕರ್‌ಗಳಲ್ಲಿ ದೇವರ ವಾಕ್ಯ ಕೇಳುತ್ತಿದ್ದರು. ನಗುವವರು ನಕ್ಕರು. ಆದರೆ ಪಾರ್ಶ್ವವಾಯು ಬಡಿದ ಮಹಿಳೆಯೊಬ್ಬರನ್ನು ಪತಿ ಪ್ರತಿ ವಾರ ಅಲ್ಲಿಗೆ ಕರೆತರುತ್ತಿದ್ದರು. ಸಭೆಗೆ ಸ್ವಂತ ಪ್ರಾರ್ಥನಾಲಯವಾದಾಗ ಬಯಲನ್ನು ಬಿಟ್ಟುಬಿಡಬಹುದಿತ್ತು. ಆದರೆ ಕಾರಿನಿಂದ ಇಳಿಯಲಾರದ ಆ ತಾಯಿಗಾಗಿ ಬಯಲಿನ ಆರಾಧನೆಯನ್ನೂ ಉಳಿಸಿಕೊಂಡೆ ಎಂದು ಶುಲ್ಲರ್ ಹೇಳಿಕೊಂಡಿದ್ದಾರೆ. ನನ್ನ ಮಟ್ಟಿಗೆ ಅವರ ಇಡೀ ಚರಿತ್ರೆಯಲ್ಲಿ ಗಾಜಿನ ಗೋಪುರಕ್ಕಿಂತ ದೊಡ್ಡ ಸಂಗತಿ ಇದು.

1961ರಲ್ಲಿ ಗಾರ್ಡನ್ ಗ್ರೋವ್‌ನಲ್ಲಿ, ಒಳಗೆ ಕುಳಿತವರಿಗೂ ಕಾರಿನಲ್ಲಿ ಕುಳಿತವರಿಗೂ ಕಾಣುವಂಥ ಆರಾಧನಾಲಯ ಎದ್ದಿತು. 1980ರಲ್ಲಿ ವಾಸ್ತುಶಿಲ್ಪಿ ಫಿಲಿಪ್ ಜಾನ್ಸನ್ ರೂಪಿಸಿದ ‘ಕ್ರಿಸ್ಟಲ್ ಕ್ಯಾಥೆಡ್ರಲ್’ ಅದರ ಪಕ್ಕದಲ್ಲಿ ನಿಂತಿತು. ಅಲ್ಲಿಯೂ 90 ಅಡಿ ಎತ್ತರದ ಬಾಗಿಲುಗಳು ತೆರೆದುಕೊಂಡರೆ ಹೊರಗಿನ ಕಾರುಗಳಿಗೆ ಬೋಧಕರು ಕಾಣುತ್ತಿದ್ದರು.

ಮರುವರ್ಷದಿಂದ ಅಲ್ಲಿ ಕ್ರಿಸ್ತಜಯಂತಿಗೆ ‘ಗ್ಲೋರಿ ಆಫ್ ಕ್ರಿಸ್ಮಸ್’ ಎಂಬ ರಂಗಪ್ರದರ್ಶನ ಶುರುವಾಯಿತು. ನಿಜವಾದ ಒಂಟೆಗಳ ಮೇಲೆ ಜೋಯಿಸರು ಬರುತ್ತಿದ್ದರು, ಕುರಿಗಳೊಡನೆ ಕುರುಬರು, ತಲೆಯ ಮೇಲೆ ತಂತಿಯಲ್ಲಿ ಹಾರುವ ದೇವದೂತರು. ಟಿಕೆಟ್ ಕೊಂಡು ನೋಡಲು ದೂರದೂರದಿಂದ ಸಂಸಾರಗಳು ಬರುತ್ತಿದ್ದವು. ಇದರ ಮೂಲ ನಮ್ಮಲ್ಲೇ ಇದೆ ಎಂದರೆ ತಪ್ಪಲ್ಲ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಜೀವಂತ ಎತ್ತು ಕತ್ತೆಗಳನ್ನು ತರಿಸಿ, ಹುಲ್ಲು ಹಾಸಿ ಗೋದಲಿ ಮಾಡಿದರಲ್ಲವೇ? ಅಲ್ಲಿ ಗೋದಲಿಯ ಮೇಲೆಯೇ ಬಲಿಪೂಜೆ ನಡೆಯಿತು. ನೋಡಲು ಬಂದ ಹಳ್ಳಿಗರು ಕೈಯಲ್ಲಿ ದೀಪ ಹಿಡಿದು ಬಂದಿದ್ದರು, ಟಿಕೆಟ್ ಹಿಡಿದಲ್ಲ.

ಗಾಜಿನ ಆಲಯದ ಆಟ ಹೆಚ್ಚು ಕಾಲ ನಡೆಯಲಿಲ್ಲ. ಸಾಲ ಬೆಳೆಯಿತು, 2010ರಲ್ಲಿ ಅಲ್ಲಿನ ಪಾಸ್ಖ ಪ್ರದರ್ಶನ ರದ್ದಾಯಿತು. ಅದೇ ಅಕ್ಟೋಬರ್‌ನಲ್ಲಿ ಸಂಸ್ಥೆ ದಿವಾಳಿ ಅರ್ಜಿ ಸಲ್ಲಿಸಿತು. ಹಣ ಬರಬೇಕಾದವರ ಪಟ್ಟಿಯಲ್ಲಿ ಗೋದಲಿ ದೃಶ್ಯಕ್ಕೆ ಪ್ರಾಣಿಗಳನ್ನು ಒದಗಿಸಿದವರೂ ಇದ್ದರು. ಒಂಟೆ ಬಂದುಹೋಗಿತ್ತು, ಬಾಡಿಗೆ ಬಂದಿರಲಿಲ್ಲ. ಬೆತ್ಲೆಹೇಮಿನ ಬಡತನವನ್ನು ತೋರಿಸಲು ಇಷ್ಟು ಖರ್ಚೇಕೆ ಎಂದು ಕೇಳುವುದು ಸುಲಭ. ಆದರೆ ಆ ರಾತ್ರಿಗಳಲ್ಲಿ ತಂದೆಯ ಹೆಗಲ ಮೇಲೆ ಕುಳಿತು ಮೊದಲ ಬಾರಿಗೆ ಯೇಸುಕಂದನ ಕತೆ ಕಂಡ ಮಕ್ಕಳೂ ಇದ್ದರೆನ್ನುವುದನ್ನು ಮರೆಯಬಾರದು.

ಕಟ್ಟಡ ಹರಾಜಿಗೆ ಬಂತು. ಚಾಪ್ಮನ್ ವಿಶ್ವವಿದ್ಯಾಲಯವೂ ಪೈಪೋಟಿಯಲ್ಲಿತ್ತು. ಅದು ಆರಾಧನೆಯ ಸ್ಥಳವಾಗಿಯೇ ಉಳಿಯಲೆಂದು ಶುಲ್ಲರ್ ಬಯಸಿದರು. 2012ರಲ್ಲಿ ಆರೆಂಜ್ ಧರ್ಮಕ್ಷೇತ್ರ 57.5 ಮಿಲಿಯನ್ ಡಾಲರ್ ಕೊಟ್ಟು ಅದನ್ನು ಕೊಂಡುಕೊಂಡಿತು. 2013ರಲ್ಲಿ ಸಮೀಪದ ಸಂತ ಕಲಿಸ್ತಸ್ ಧರ್ಮಕೇಂದ್ರದ ಕಥೋಲಿಕರು ಇಲ್ಲಿಗೆ ಬಂದರು, ಅವರು ಬಿಟ್ಟ ದೇವಾಲಯಕ್ಕೆ ಶುಲ್ಲರ್ ಅವರ ಸಭೆ ಹೋಯಿತು. ಮನೆ ಅದಲುಬದಲು ಮಾಡಿಕೊಂಡ ನೆರೆಹೊರೆಯವರಂತೆ! ಶುಲ್ಲರ್ 2015ರಲ್ಲಿ ತೀರಿಕೊಂಡರು; ಅವರ ಸಮಾಧಿ ಅದೇ ಆವರಣದಲ್ಲಿದೆ.

ದುರಸ್ತಿಗೆ ವರ್ಷಗಳೇ ಹಿಡಿದವು. ಪ್ರೇಕ್ಷಕರು ವೇದಿಕೆಯತ್ತ ನೋಡುವಂತಿದ್ದ ಏರ್ಪಾಡು ಹೋಗಿ, ಬಲಿಪೀಠದ ಎರಡು ಬದಿಗೂ ಭಕ್ತರು ಎದುರುಬದುರಾಗಿ ಕೂರುವಂತಾಯಿತು. ಬಿಸಿಲಿನ ಝಳ ತಡೆಯಲು ಗಾಜಿನ ಒಳಮೈಗೆ ಲೋಹದ ಮರೆಗಳನ್ನು ಹೊಂದಿಸಿದರು. 2019ರ ಜುಲೈ 17ರಂದು ಧರ್ಮಾಧ್ಯಕ್ಷ ಕೆವಿನ್ ವ್ಯಾನ್ ಬಲಿಪೀಠಕ್ಕೆ ಪವಿತ್ರ ತೈಲ ಲೇಪಿಸಿ ಪ್ರಧಾನಾಲಯವನ್ನು ಪ್ರತಿಷ್ಠಾಪಿಸಿದರು. ಈಗ ಅಲ್ಲಿ ಇಂಗ್ಲಿಷ್, ಸ್ಪ್ಯಾನಿಷ್, ವಿಯೆಟ್ನಾಮೀ ಭಾಷೆಗಳಲ್ಲಿ ಬಲಿಪೂಜೆ ನಡೆಯುತ್ತದೆ.

ಮರುವರ್ಷವೇ ಕೊರೋನಾ ಬಂದು ದೇವಾಲಯಗಳ ಬಾಗಿಲು ಮುಚ್ಚಿತು. ಆಗ ಅಮೆರಿಕದ ಎಷ್ಟೋ ಧರ್ಮಕೇಂದ್ರಗಳ ಗುರುಗಳು ವಾಹನ ನಿಲ್ಲಿಸುವ ಬಯಲಿನಲ್ಲಿ ಮೇಜು ಹಾಕಿ ಬಲಿಪೂಜೆ ಅರ್ಪಿಸಿದರು. ಜನರು ಕಾರಿನ ರೇಡಿಯೋದಲ್ಲಿ ಶುಭಸಂದೇಶ ಕೇಳಿದರು.