ಆಂಬುಲೆನ್ಸಿನೊಳಗಿನ ಪಾಠಶಾಲೆ



ಅಪಘಾತವಾದೊಡನೆ ೧೦೮ಕ್ಕೆ ಕರೆಮಾಡುವುದು ಇಂದು ನಮಗೆಲ್ಲ ರೂಢಿಯಾಗಿದೆ. ಕರ್ನಾಟಕದಲ್ಲಿ ಈ ಸೇವೆ ‘ಆರೋಗ್ಯ ಕವಚ’ ಎಂಬ ಹೆಸರಿನಿಂದ ಆರಂಭವಾದದ್ದು ೨೦೦೮ರಲ್ಲಿ. ಬರುವ ವಾಹನದಲ್ಲಿ ವೈದ್ಯರಿರುವುದಿಲ್ಲ, ತರಬೇತಿ ಪಡೆದ ಸಹಾಯಕರಿರುತ್ತಾರೆ. ವೈದ್ಯನಲ್ಲದವನಿಗೆ ಪ್ರಾಣ ಉಳಿಸುವ ವಿದ್ಯೆಯನ್ನು ಕಲಿಸಬಹುದೇ, ಕಲಿಸುವುದಾದರೆ ಹೇಗೆ ಎಂಬ ಪ್ರಶ್ನೆ ಒಂದು ಕಾಲದಲ್ಲಿ ದೊಡ್ಡ ವಿವಾದವಾಗಿತ್ತು. ಅದಕ್ಕೆ ಉತ್ತರ ದೊರೆತ ಸ್ಥಳಗಳಲ್ಲಿ ಅಮೆರಿಕದ ಉಕ್ಕಿನ ನಗರ ಪಿಟ್ಸ್‌ಬರ್ಗ್ ಮುಖ್ಯವಾದುದು. ಉತ್ತರ ಕೊಟ್ಟವರು ಇಬ್ಬರು ಅಧ್ಯಾಪಕ ವೈದ್ಯರು ಹಾಗೂ ‘ಇವರಿಗೆ ವಿದ್ಯೆ ಹತ್ತದು’ ಎಂದು ಊರು ಕೈಬಿಟ್ಟಿದ್ದ ಕೆಲವು ತರುಣರು.

ಮೊದಲನೆಯವರು ಪೀಟರ್ ಸಫಾರ್. ೧೯೨೪ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಅರಿವಳಿಕೆ ತಜ್ಞರು. ಐವತ್ತರ ದಶಕದ ಕೊನೆಯಲ್ಲಿ ಬಾಲ್ಟಿಮೋರ್ ನಗರದಲ್ಲಿ ಅವರು ಒಂದು ಸಾಹಸದ ಪ್ರಯೋಗ ನಡೆಸಿದರು. ತಾವಾಗಿ ಒಪ್ಪಿ ಮುಂದೆಬಂದವರಿಗೆ ಔಷಧಿಯಿಂದ ಸ್ನಾಯುಗಳು ಸ್ತಬ್ಧವಾಗುವಂತೆ ಮಾಡಿ, ಬಾಯಿಗೆ ಬಾಯಿಟ್ಟು ಉಸಿರೂದಿದರೆ ಸಾಕಷ್ಟು ಗಾಳಿ ಒಳಹೋಗುವುದೆಂದೂ, ತಲೆಯನ್ನು ಹಿಂದಕ್ಕೆ ಬಾಗಿಸಿದರೆ ಗಂಟಲಿನ ದಾರಿ ತೆರೆಯುವುದೆಂದೂ ತೋರಿಸಿಕೊಟ್ಟರು. ಹಾಗೆ ಉಸಿರೂದಿದವರಲ್ಲಿ ವೈದ್ಯವಿದ್ಯೆಯ ಗಂಧವೇ ಇಲ್ಲದ ಸಾಮಾನ್ಯರೂ, ಸ್ಕೌಟ್ ಬಾಲಕರೂ ಇದ್ದರು. ಈ ವಿದ್ಯೆ ವೈದ್ಯರ ಸ್ವತ್ತಲ್ಲ ಎಂಬುದು ಅಲ್ಲಿಯೇ ಸಿದ್ಧವಾಗಿತ್ತು.

ಅಧ್ಯಾಪಕನಾಗಿ ಸಫಾರರಲ್ಲಿ ನಾನು ಮೆಚ್ಚುವುದು ಎರಡು ಸಂಗತಿಗಳನ್ನು. ಗಾಬರಿಯ ಗಳಿಗೆಯಲ್ಲಿ ಉದ್ದನೆಯ ಪಾಠ ಯಾರಿಗೂ ನೆನಪಿರುವುದಿಲ್ಲ. ಆದ್ದರಿಂದ ಅವರು ಶ್ವಾಸಮಾರ್ಗ, ಉಸಿರಾಟ, ರಕ್ತಸಂಚಾರ ಎಂಬ ಕ್ರಮವನ್ನು, ಆಂಗ್ಲಪದಗಳ ಮೊದಲಕ್ಷರ ಹಿಡಿದು, ‘ಎ-ಬಿ-ಸಿ’ ಎಂದು ಮಗುವಿನ ಅಕ್ಷರಮಾಲೆಯಷ್ಟು ಸುಲಭಗೊಳಿಸಿದರು. ಎರಡನೆಯದಾಗಿ, ಕೈಯಿಂದ ಮಾಡದೆ ಕಲಿತದ್ದು ಕಲಿಕೆಯಲ್ಲವೆಂದು ಅವರು ತಿಳಿದಿದ್ದರು. ನಾರ್ವೆಯ ಬೊಂಬೆ ತಯಾರಕ ಆಸ್ಮುಂಡ್ ಲಾರ್ಡಾಲ್ ೧೯೬೦ರಲ್ಲಿ ‘ರಿಸಸಿ ಆನ್’ ಎಂಬ ಅಭ್ಯಾಸದ ಬೊಂಬೆಯನ್ನು ರೂಪಿಸಿದ್ದರ ಹಿಂದೆ ಸಫಾರರ ಮಾರ್ಗದರ್ಶನವಿತ್ತು. ರೋಗಿಯ ಮೇಲೆ ತಪ್ಪುವ ಮೊದಲು ಬೊಂಬೆಯ ಮೇಲೆ ನೂರು ಸಲ ತಪ್ಪಲು ವಿದ್ಯಾರ್ಥಿಗೆ ಅವಕಾಶ ದೊರೆಯಿತು.

೧೯೬೬ರಲ್ಲಿ ಅವರ ಎಳೆಯ ಮಗಳು ಎಲಿಜಬೆತ್ ಆಸ್ತಮಾದ ತೀವ್ರ ದಾಳಿಯಿಂದ ತೀರಿಕೊಂಡಳು. ಉಸಿರು ಮರಳಿಸುವ ವಿದ್ಯೆಯನ್ನು ಜಗತ್ತಿಗೆ ಕಲಿಸಿದ ತಂದೆಯ ಮನೆಯಲ್ಲಿಯೇ ಹೀಗಾಯಿತು. ರೋಗಿ ಆಸ್ಪತ್ರೆ ಸೇರುವ ಮುನ್ನಿನ ನಿಮಿಷಗಳ ಚಿಂತೆ ಆಮೇಲೆ ಅವರನ್ನು ಬಿಡಲಿಲ್ಲ.

ಆಗಿನ ಪಿಟ್ಸ್‌ಬರ್ಗಿನಲ್ಲಿ ರೋಗಿಗಳನ್ನು ಸಾಗಿಸುತ್ತಿದ್ದುದು ಪೊಲೀಸ್ ವ್ಯಾನುಗಳು. ಅಮೆರಿಕದ ಇನ್ನೂ ಅನೇಕ ಊರುಗಳಲ್ಲಿ ಶವಸಂಸ್ಕಾರದವರ ವಾಹನಗಳು. ಕಪ್ಪು ಜನರು ವಾಸಿಸುತ್ತಿದ್ದ ಹಿಲ್ ಡಿಸ್ಟ್ರಿಕ್ಟ್ ಬಡಾವಣೆಗೆ ಆ ಸೇವೆಯೂ ಸರಿಯಾಗಿ ದಕ್ಕುತ್ತಿರಲಿಲ್ಲ. ‘ಫ್ರೀಡಂ ಹೌಸ್’ ಎಂಬ ಸ್ಥಳೀಯ ಸಂಸ್ಥೆಯೊಡನೆ ಕೈಜೋಡಿಸಿ, ಸಫಾರರು ೧೯೬೭ರಲ್ಲಿ ಅದೇ ಬಡಾವಣೆಯ ನಿರುದ್ಯೋಗಿ ತರುಣರಿಗೆ ತರಬೇತಿ ಆರಂಭಿಸಿದರು. ಕೆಲವರು ಪ್ರೌಢಶಾಲೆಯನ್ನೂ ಮುಗಿಸಿರಲಿಲ್ಲ. ಸಫಾರರು ಅವರಿಗಾಗಿ ಪಾಠವನ್ನು ತೆಳುಮಾಡಲಿಲ್ಲ. ಸುಮಾರು ೩೦೦ ಗಂಟೆಗಳ ಶಿಕ್ಷಣದಲ್ಲಿ ಅಂಗರಚನೆಯಿಂದ ತೊಡಗಿ ಹೃದಯದ ಪುನಶ್ಚೇತನದವರೆಗೆ ಎಲ್ಲವೂ ಇತ್ತು. ಆಸ್ಪತ್ರೆಯೊಳಗಿನ ಅಭ್ಯಾಸವೂ ಇತ್ತು. ಶಾಲೆ ಮುಗಿಸದವರಿಗೆ ಅದನ್ನು ಮುಗಿಸಲು ನೆರವು ಕೊಟ್ಟರೇ ಹೊರತು, ಮುಗಿಸಿಲ್ಲವೆಂದು ಹೊರಗಿಡಲಿಲ್ಲ.

ಎಪ್ಪತ್ತರ ದಶಕದ ನಡುವಿನಲ್ಲಿ ನ್ಯಾನ್ಸಿ ಕ್ಯಾರೊಲಿನ್ ಎಂಬ ತರುಣ ವೈದ್ಯೆ ಈ ತಂಡದ ವೈದ್ಯಕೀಯ ನಿರ್ದೇಶಕಿಯಾದರು. ಅವರು ಕಚೇರಿಯಲ್ಲಿ ಕುಳಿತು ಕಲಿಸಲಿಲ್ಲ. ಹಗಲಿರುಳೆನ್ನದೆ ತಂಡದೊಡನೆ ಆಂಬುಲೆನ್ಸಿನಲ್ಲಿಯೇ ಹೋಗುತ್ತಿದ್ದರು. ಕತ್ತಲ ಮೆಟ್ಟಿಲು, ಮಳೆಯ ಬೀದಿ, ಅಳುವ ಬಂಧುಗಳ ನಡುವೆ ಶಿಷ್ಯರು ಮಾಡುವುದನ್ನು ನೋಡುತ್ತಿದ್ದರು. ಹಿಂದಿರುಗಿದ ಮೇಲೆ ನಡೆದದ್ದನ್ನೆಲ್ಲ ಎದುರಿಗಿಟ್ಟುಕೊಂಡು ಎಲ್ಲಿ ಸರಿ, ಎಲ್ಲಿ ತಪ್ಪು ಎಂದು ನಿಷ್ಠುರವಾಗಿ ವಿಮರ್ಶಿಸುತ್ತಿದ್ದರು. ಪಾಠ, ಪ್ರಯೋಗ, ವಿಮರ್ಶೆ, ಮತ್ತೆ ಪ್ರಯೋಗ: ಇದೇ ಅವರ ಕ್ರಮ. ಕೇಂದ್ರ ಸರ್ಕಾರದ ಸಾರಿಗೆ ಇಲಾಖೆ ಇಡೀ ದೇಶಕ್ಕೆ ಪ್ಯಾರಾಮೆಡಿಕ್ ಪಠ್ಯಕ್ರಮ ಬೇಕೆಂದಾಗ ಅದನ್ನು ರಚಿಸಿದವರು ಕ್ಯಾರೊಲಿನ್. ಅದನ್ನು ಮೊದಲು ಒರೆಗೆ ಹಚ್ಚಿದವರು ಫ್ರೀಡಂ ಹೌಸಿನ ಈ ಶಿಷ್ಯರು.

ಮುಂದಿನ ಕಥೆ ಕಹಿಯಾದುದು. ೧೯೭೫ರ ಅಕ್ಟೋಬರಿನಲ್ಲಿ ನಗರಾಡಳಿತ ತನ್ನದೇ ಆಂಬುಲೆನ್ಸ್ ಸೇವೆಯನ್ನು ಆರಂಭಿಸಿತು. ಫ್ರೀಡಂ ಹೌಸ್ ಮುಚ್ಚಿತು. ಹಳಬರನ್ನು ಸೇರಿಸಿಕೊಂಡರೂ, ಹೊಸ ನಿಯಮ ಪರೀಕ್ಷೆಗಳ ನಡುವೆ ಅವರಲ್ಲಿ ಬಹುಮಂದಿ ಹೊರಬೀಳಬೇಕಾಯಿತು; ಉಳಿದವರು ಕಡಿಮೆ ಅನುಭವದ ಬಿಳಿಯರ ಕೈಕೆಳಗೆ ದುಡಿಯಬೇಕಾಯಿತು. ಇವರು ಬೀದಿಯಲ್ಲಿ ಪರೀಕ್ಷಿಸಿಕೊಟ್ಟ ಪಾಠವನ್ನು ದೇಶವೆಲ್ಲ ಓದಿತು. ಇವರ ಹೆಸರನ್ನು ಸ್ವಂತ ಊರೇ ದಶಕಗಳ ಕಾಲ ಮರೆತಿತ್ತು. ಕ್ಯಾರೊಲಿನ್ ೧೯೭೯ರಲ್ಲಿ ಪ್ರಕಟಿಸಿದ ಪಠ್ಯಪುಸ್ತಕ ಅವರ ಹೆಸರಿನೊಡನೆ ಹೊಸ ಹೊಸ ಆವೃತ್ತಿಗಳನ್ನು ಕಂಡಿದೆ. ಅವರು ೨೦೦೨ರಲ್ಲಿ, ಸಫಾರ್ ೨೦೦೩ರಲ್ಲಿ ನಿಧನರಾದರು.

ನಿಮ್ಮಲ್ಲಿ ಹಲವರು ಇಂದು ಅಧ್ಯಾಪಕರು, ವೈದ್ಯರು, ಅಧಿಕಾರಿಗಳು. ಇನ್ನೊಬ್ಬರನ್ನು ಪರೀಕ್ಷಿಸಿ ಆರಿಸುವ ಸ್ಥಾನದಲ್ಲಿರುವವರು. ಪರೀಕ್ಷೆ ಬೇಡವೆಂದು ನಾನು ಹೇಳಲಾರೆ. ಪ್ರಾಣದ ವಿಷಯದಲ್ಲಂತೂ ಅದು ಬೇಕೇ ಬೇಕು. ಸಫಾರರೂ ಕ್ಯಾರೊಲಿನ್ನರೂ ಶಿಷ್ಯರನ್ನು ಪ್ರತಿದಿನವೂ ಪರೀಕ್ಷಿಸಿದರು, ಆದರೆ ಕಲಿಸಿದ ಬಳಿಕ, ಮಾಡಬೇಕಾದ ಕೆಲಸದಲ್ಲಿಯೇ. ನಗರಾಡಳಿತದ ಪರೀಕ್ಷೆ ಅಳೆದದ್ದು ಬೇರೆಯದನ್ನು. ಮುಂದಿನ ಸಲ ಯಾರ ಅರ್ಜಿಯನ್ನಾದರೂ ಬದಿಗಿಡುವ ಮೊದಲು ಈ ವ್ಯತ್ಯಾಸವನ್ನೊಮ್ಮೆ ನೆನೆಯಿರಿ.